ಸಿಮ್ಯುಲೇಷನ್ ನಂಬಿ ಇನ್ವರ್ಟರ್ ಕಟ್ಟಿದ ನನ್ನ ಅನುಭವ

ಮಳೆಗಾಲದಲ್ಲಿ ತೆಂಗಿನ ಮಡಲೊಂದು ತಂತಿಯ ಮೇಲೆ ಬಿದ್ದರೆ ಕಾಸರಗೋಡು ಕಡೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಒಳಭಾಗಗಳಲ್ಲಿ ಎರಡು ದಿನ ಕರೆಂಟ್ ಇಲ್ಲದಿರುವುದುಂಟು. ಆದ್ದರಿಂದ ನಮ್ಮಲ್ಲಿ ಇನ್ವರ್ಟರ್ ಕಟ್ಟುವವನಿಗೆ ಕೆಲಸದ ಕೊರತೆಯಿಲ್ಲ. ನಾನು ಕಟ್ಟುವುದು ಎಲ್ಲರಿಗೂ ಗೊತ್ತಿರುವ ಪುಷ್-ಪುಲ್ ಸರ್ಕ್ಯೂಟನ್ನೇ, ಅಂದರೆ ಎರಡು ಬದಿಗಳು ಸರದಿಯಂತೆ ಆನ್-ಆಫ್ ಆಗಿ ಬ್ಯಾಟರಿಯ ಕರೆಂಟನ್ನು ಮನೆಯ ಕರೆಂಟಾಗಿಸುವ ಸರ್ಕ್ಯೂಟನ್ನು: ಸರದಿಯ ಪಲ್ಸ್ ಕೊಡುವ ಎಸ್‌ಜಿ3525 ಐಸಿ, ಒಂದೊಂದು ಬದಿಗೆ ಮೂರರಂತೆ ಐಆರ್‌ಎಫ್3205 ಮಾಸ್ಫೆಟ್ (ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು; ಅದರ ಮೂರು ಕಾಲುಗಳು ಗೇಟ್, ಡ್ರೈನ್, ಸೋರ್ಸ್), 12-0-12ರ ಕಬ್ಬಿಣದ ಟ್ರಾನ್ಸ್‌ಫಾರ್ಮರ್, 600 ವಿಎ ಸಾಮರ್ಥ್ಯ. ಕಳೆದ ಎರಡು ಮಳೆಗಾಲಗಳಲ್ಲಿ ನನ್ನ ಕೈಯಿಂದ ಹೊರಗೆ ಹೋದ ಸುಮಾರು ನಲವತ್ತು ಪೆಟ್ಟಿಗೆಗಳಲ್ಲಿ ಮಾಸ್ಫೆಟ್ ಸುಟ್ಟು ಹಿಂದಿರುಗಿದ್ದು ಒಂದೂ ಇಲ್ಲ. ಈ ಬದಲಾವಣೆಯ ಮೂಲ ಒಂದೇ: ಬೆಸುಗೆ ಹಾಕುವ ಮೊದಲು ಎಲ್‌ಟಿಸ್ಪೈಸ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಸರ್ಕ್ಯೂಟನ್ನು ಓಡಿಸಿ (ಸಿಮ್ಯುಲೇಷನ್) ನೋಡುವ ಕ್ರಮ. ಇದನ್ನು ಆರಂಭಿಸಿದಾಗ ಮಂಗಳೂರಿನ ಹಿರಿಯ ರಿಪೇರಿಯವರೊಬ್ಬರು, "ಕಂಪ್ಯೂಟರಿನಲ್ಲಿ ಮಾಸ್ಫೆಟ್ ಸುಡುವುದಿಲ್ಲ ಮಾರಾಯಾ, ಬೋರ್ಡಿನಲ್ಲಿ ಸುಡುತ್ತದೆ" ಎಂದಿದ್ದರು. ಅವರ ಮಾತಿಗೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕ್ರಮದಲ್ಲಿ ಒಂದು ಬದಿ ಸುಟ್ಟರೆ ಮೂರು ಮಾಸ್ಫೆಟ್, ಗೇಟಿನ ರೆಸಿಸ್ಟರುಗಳು, ಅನೇಕ ಸಲ ಐಸಿಯೂ ಸೇರಿ ಮುನ್ನೂರು ರೂಪಾಯಿಯಷ್ಟು ಹೋಗುತ್ತಿತ್ತು. ಬಿಡಿಭಾಗಕ್ಕಾಗಿ ಮಂಗಳೂರಿಗೆ ಹೋಗಿಬರುವ ಬಸ್ಸಿನ ಖರ್ಚು ಮತ್ತು ಅರ್ಧ ದಿನದ ಸಂಪಾದನೆ ಬೇರೆ. ಗಿರಾಕಿಯಿಂದ ಅದನ್ನು ಕೇಳುವ ಹಾಗಿಲ್ಲ. ಒಂದು ಮಳೆಗಾಲದಲ್ಲಿ ಈ ಲೆಕ್ಕ ಹದಿನೈದು ಸಾವಿರ ದಾಟಿತ್ತು. ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪ್ ಹಾಕಿ ಹುಡುಕೋಣವೆಂದರೆ ಮಾಸ್ಫೆಟ್ ಸುಡುವ ಕ್ಷಣ ಕಣ್ಣಿಗೆ ಸಿಗದು, ಸಿಗುವುದು ಸುಟ್ಟ ನಂತರದ ನೇರ ಗೆರೆ ಮಾತ್ರ.

ಸಿಮ್ಯುಲೇಷನ್ನಿನಲ್ಲಿ ಮೊದಲು ಎಲ್ಲವೂ ಅಂದವಾಗಿ ಓಡಿತು, ಎಷ್ಟು ಲೋಡ್ ಕೊಟ್ಟರೂ ಯಾವುದೂ ಸುಡಲಿಲ್ಲ. ಹಿರಿಯರು ಹೇಳಿದ್ದೂ ಇದನ್ನೇ. ಆದರೆ ಅಲ್ಲಿ ಓಡುತ್ತಿದ್ದುದು ನನ್ನ ಮೇಜಿನ ಮೇಲಿನ ಇನ್ವರ್ಟರ್ ಅಲ್ಲ ಎಂಬುದೇ ಇಡೀ ವಿಷಯದ ಕೀಲಿ. ಮಾಸ್ಫೆಟ್, ಟ್ರಾನ್ಸ್‌ಫಾರ್ಮರ್, ಬ್ಯಾಟರಿಯ ತಂತಿ, ಈ ಮೂರೂ ಅಲ್ಲಿ ಆದರ್ಶ ವಸ್ತುಗಳಾಗಿದ್ದವು.

ಮಾಸ್ಫೆಟ್ಟಿನ ಮಾಡೆಲ್, ಅಂದರೆ ಅದರ ಗುಣಗಳನ್ನು ಪ್ರೋಗ್ರಾಮಿಗೆ ತಿಳಿಸುವ ಫೈಲು, ಹುಡುಕುವುದು ಕಷ್ಟವಲ್ಲ. ಇಂಟರ್‌ನ್ಯಾಷನಲ್ ರೆಕ್ಟಿಫೈಯರ್ ಕಂಪನಿ 2015ರಲ್ಲಿ ಇನ್‌ಫಿನಿಯಾನ್ ಪಾಲಾದುದರಿಂದ ಐಆರ್‌ಎಫ್ ಸರಣಿಯನ್ನು ಈಗ ಅಲ್ಲಿ ಹುಡುಕಬೇಕು. ಅಲ್ಲಿಂದ ಬರುವುದು ಸಬ್‌ಸರ್ಕ್ಯೂಟ್ (ಹಲವು ಭಾಗಗಳನ್ನು ಸೇರಿಸಿ ಬರೆದ ಮಾಡೆಲ್) ಆಗಿದ್ದರೆ ಚಿಹ್ನೆಯ ಪ್ರಿಫಿಕ್ಸನ್ನು ಎಕ್ಸ್ ಎಂದು ಬದಲಿಸಿ, ಕಾಲುಗಳ ಕ್ರಮವನ್ನು ಫೈಲಿನೊಳಗೆ ಓದಿಯೇ ಜೋಡಿಸಬೇಕು. ಪಿಸ್ಪೈಸ್ ಎಂಬ ಇನ್ನೊಂದು ಸಿಮ್ಯುಲೇಷನ್ ಪ್ರೋಗ್ರಾಮಿಗಾಗಿ ಗುಪ್ತಲಿಪಿಯಲ್ಲಿ ಮುಚ್ಚಿಟ್ಟ ಫೈಲುಗಳು ಎಲ್‌ಟಿಸ್ಪೈಸಿನಲ್ಲಿ ಓಡುವುದಿಲ್ಲ, ಅವುಗಳ ಹಿಂದೆ ಸಮಯ ಕಳೆಯಬಾರದು. ನಾನು ಕೊನೆಗೆ ನೆಚ್ಚಿಕೊಂಡದ್ದು ಎಲ್‌ಟಿಸ್ಪೈಸಿನ ಸ್ವಂತ ವಿಡಿಮಾಸ್ ಮಾಡೆಲನ್ನು. ಅದರಲ್ಲಿ ಬಿವಿ (ಮಾಸ್ಫೆಟ್ ತಡೆಯಬಲ್ಲ ಗರಿಷ್ಠ ವೋಲ್ಟ್) ಎಂಬ ಅಂಕಿ ಕೊಡದಿದ್ದರೆ ಡ್ರೈನ್ ಇನ್ನೂರು ವೋಲ್ಟಿಗೆ ಏರಿದರೂ ಮಾಸ್ಫೆಟ್ ಶಾಂತವಾಗಿ ಕುಳಿತಿರುತ್ತದೆ. 3205ಕ್ಕೆ ಅಲ್ಲಿ 55 ಎಂದು ಬರೆಯಲೇಬೇಕು. ರಾನ್ (ಆನ್ ಆಗಿರುವಾಗಿನ ರೆಸಿಸ್ಟೆನ್ಸ್) ಎಂಬ ಅಂಕಿಯನ್ನು ತಿದ್ದಿ ಫಲಿತಾಂಶ ಬದಲಾದೀತೆಂದು ಕಾಯುವವರನ್ನು ನೋಡಿದ್ದೇನೆ. ಅದು ಪಟ್ಟಿಯಲ್ಲಿ ತೋರಿಸಲಿಕ್ಕೆ ಮಾತ್ರ ಇರುವುದು, ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಡ್ರೈನ್ ಮತ್ತು ಸೋರ್ಸಿನ ರೆಸಿಸ್ಟೆನ್ಸುಗಳಾದ ಆರ್‌ಡಿ ಮತ್ತು ಆರ್‌ಎಸ್.

ಈ ಅಂಕಿಗಳನ್ನು ತಯಾರಕರ ಡೇಟಾಶೀಟಿನಿಂದ ತೆಗೆದರೂ ಸಾಲದು, ಏಕೆಂದರೆ ಮಾರುಕಟ್ಟೆಯಲ್ಲಿ ಇಪ್ಪತ್ತೈದು, ಮೂವತ್ತು ರೂಪಾಯಿಗೆ ಸಿಗುವ 3205 ನಿಜವಾದ 3205 ಆಗಿರುವುದು ಅಪರೂಪ. ಗೇಟಿಗೆ 10 ವೋಲ್ಟ್ ಕೊಟ್ಟು, ಹೆಡ್‌ಲೈಟ್ ಬಲ್ಬಿನ ಮೂಲಕ 5 ಆಂಪಿಯರ್ ಹರಿಸಿ, ಡ್ರೈನ್ ಮತ್ತು ಸೋರ್ಸಿನ ನಡುವೆ ಮಿಲಿವೋಲ್ಟ್ ಅಳೆದರೆ 8 ಮಿಲಿಓಮಿನ ಲೆಕ್ಕಕ್ಕೆ 40 ಮಿಲಿವೋಲ್ಟ್ ಒಳಗೆ ಇರಬೇಕು. ನನ್ನ ಡಬ್ಬಿಯಲ್ಲಿದ್ದವುಗಳಲ್ಲಿ ಅರ್ಧಕ್ಕರ್ಧ ನೂರರ ಆಚೆ ತೋರಿಸಿದವು. ಅಳೆದ ಅಂಕಿಯನ್ನು ಮಾಡೆಲಿಗೆ ಹಾಕಿದ ದಿನ ಹೀಟ್ ಸಿಂಕಿನ ಬಿಸಿ ಮತ್ತು ಪರದೆಯ ಮೇಲಿನ ವ್ಯಾಟ್ ಮೊದಲ ಬಾರಿ ಹೊಂದಿದವು.

ಎಸ್‌ಜಿ3525ರ ಮಾಡೆಲಿಗಾಗಿ ಅಲೆಯುವ ಅಗತ್ಯವೇ ಇಲ್ಲ. ಎರಡು ಪಲ್ಸ್ ಮೂಲಗಳನ್ನು 10 ಮಿಲಿಸೆಕೆಂಡ್ ಅಂತರದಲ್ಲಿ ಇಟ್ಟರೆ ಸಾಕು. ಆದರೆ ಏರುವ ಸಮಯವನ್ನು ಸೊನ್ನೆ ಎಂದು ಬಿಡಬಾರದು, ಬಿಟ್ಟರೆ ಪ್ರೋಗ್ರಾಂ ಆನ್ ಸಮಯದ ಹತ್ತನೇ ಒಂದು ಭಾಗವನ್ನು ತಾನಾಗಿ ತೆಗೆದುಕೊಳ್ಳುತ್ತದೆ. ಐವತ್ತು ಹರ್ಟ್ಸಿನಲ್ಲಿ ಅದು ಮಿಲಿಸೆಕೆಂಡಿನ ಹತ್ತಿರಕ್ಕೆ ಹೋಗಿ, ಮಾಸ್ಫೆಟ್ ಅರ್ಧ ತೆರೆದು ನಿಂತಂತೆ ಇಲ್ಲದ ಬಿಸಿಯನ್ನು ತೋರಿಸುತ್ತದೆ. ನಾನು ಒಂದು ಮೈಕ್ರೋಸೆಕೆಂಡ್ ಕೊಡುತ್ತೇನೆ.

ಓಡದೆ ನಿಲ್ಲುವ ತೊಂದರೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಸಿಂಗ್ಯುಲರ್ ಮ್ಯಾಟ್ರಿಕ್ಸ್ ಎಂಬ ದೂರು. ಟ್ರಾನ್ಸ್‌ಫಾರ್ಮರಿನ ಸೆಕೆಂಡರಿಯ (ಮನೆಗೆ ಹೋಗುವ ಸುರುಳಿಯ) ಕಡೆಗೆ ಗ್ರೌಂಡ್ ಇಲ್ಲದುದೇ ಅದಕ್ಕೆ ಕಾರಣವಾಗಿತ್ತು. 10 ಮೆಗಾಓಮಿನ ರೆಸಿಸ್ಟರ್ ಮೂಲಕ ಗ್ರೌಂಡಿಗೆ ಕಟ್ಟಿದರೆ ಅದು ಮುಗಿಯುತ್ತದೆ. ಅಂಕಿ ಬರೆಯುವಾಗ ಮೆಗ್ ಎಂದೇ ಬರೆಯಬೇಕು, ಬರಿಯ ಎಂ ಹಾಕಿದರೆ ಮಿಲಿಓಮ್ ಆಗುತ್ತದೆ. ಟೈಮ್‌ಸ್ಟೆಪ್ ಟೂ ಸ್ಮಾಲ್ ಎಂಬ ಇನ್ನೊಂದು ದೂರು ಬಂದಾಗ ಪ್ರೋಗ್ರಾಂ ಲೆಕ್ಕ ಹಾಕುವ ಕ್ರಮವನ್ನು ಗಿಯರ್ ಎಂಬ ವಿಧಾನಕ್ಕೆ ಬದಲಿಸಲು ಹಲವರು ಸಲಹೆ ಕೊಡುತ್ತಾರೆ. ನಾನು ಇದನ್ನು ಬಲವಾಗಿ ವಿರೋಧಿಸುತ್ತೇನೆ. ಗಿಯರ್ ವಿಧಾನವು ನಿಜವಾದ ಕಂಪನವನ್ನೂ ಅಡಗಿಸುವುದರಿಂದ, ಮಾಸ್ಫೆಟ್ಟನ್ನು ಸುಡುವ ಸ್ಪೈಕನ್ನು (ವೋಲ್ಟೇಜಿನ ಕ್ಷಣಿಕ ಏರಿಕೆಯನ್ನು) ಹುಡುಕುತ್ತಿರುವಾಗ ಅದನ್ನೇ ಒರೆಸಿಹಾಕಿದಂತಾಗುತ್ತದೆ. ವೈಂಡಿಂಗುಗಳಿಗೆ ನಿಜವಾದ ರೆಸಿಸ್ಟೆನ್ಸ್ ಕೊಡುವುದೇ ಸರಿಯಾದ ದಾರಿ. ಸಾದಾ ಇಂಡಕ್ಟರಿಗೆ ಎಲ್‌ಟಿಸ್ಪೈಸ್ ತಾನಾಗಿ ಒಂದು ಮಿಲಿಓಮ್ ಸೇರಿಸುತ್ತದೆಯಾದರೂ ಕೆ ಸಾಲಿನಲ್ಲಿ (ಸುರುಳಿಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಬೆಸೆದಿವೆ ಎಂದು ಹೇಳುವ ಸಾಲಿನಲ್ಲಿ) ಜೋಡಿಸಿದ ಇಂಡಕ್ಟರುಗಳಿಗೆ ಅದನ್ನು ಸೇರಿಸುವುದಿಲ್ಲ.

ಇನ್ನು ಟ್ರಾನ್ಸ್‌ಫಾರ್ಮರ್. ಹೆಚ್ಚಿನ ಉದಾಹರಣೆಗಳಲ್ಲಿ ಕೆ ಅಂಕಿ 1 ಎಂದೇ ಇರುತ್ತದೆ. ನಾನು ಪ್ರೈಮರಿಯ (ಬ್ಯಾಟರಿ ಕಡೆಯ ಸುರುಳಿಯ) ಒಂದು ಅರ್ಧದ ಇಂಡಕ್ಟೆನ್ಸನ್ನು ಎಲ್‌ಸಿಆರ್ ಮೀಟರಿನಲ್ಲಿ ಅಳೆದೆ, 12 ಮಿಲಿಹೆನ್ರಿಯಷ್ಟು ಬಂತು. ಇನ್ನೊಂದು ಅರ್ಧವನ್ನು ಶಾರ್ಟ್ ಮಾಡಿ ಮತ್ತೆ ಅಳೆದಾಗ ಉಳಿದದ್ದು ಸುಮಾರು 18 ಮೈಕ್ರೋಹೆನ್ರಿ. ಲೆಕ್ಕ ಹಾಕಿದರೆ ಕೆ 0.9992ರ ಆಸುಪಾಸಿನಲ್ಲಿ ಬರುತ್ತದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಾಕಿ, ಬ್ಯಾಟರಿಯ ತಂತಿಗೆ ಮೀಟರಿಗೆ ಒಂದು ಮೈಕ್ರೋಹೆನ್ರಿ ಸೇರಿಸಿ ಓಡಿಸಿದಾಗ, ಆಫ್ ಆದ ಬದಿಯಲ್ಲಿ 25 ವೋಲ್ಟಿನ ಸುತ್ತ ಇರಬೇಕಾದ ಡ್ರೈನ್ ಪ್ರತಿ ಬಾರಿಯೂ 55ಕ್ಕೆ ಹೋಗಿ ಬಡಿಯುತ್ತಿತ್ತು. ಪೂರ್ಣ ಲೋಡಿನಲ್ಲಿ ಒಂದೊಂದು ಹೊಡೆತಕ್ಕೂ 25 ಮಿಲಿಜೂಲ್, ಸೆಕೆಂಡಿಗೆ ಐವತ್ತು ಬಾರಿ. ಒಳ್ಳೆಯ ಮಾಸ್ಫೆಟ್ ಇದನ್ನು ಸ್ವಲ್ಪ ಕಾಲ ತಾಳಿಕೊಂಡೀತು, ಮೂವತ್ತು ರೂಪಾಯಿಯದು ತಾಳುವುದಿಲ್ಲ. ಬೋರ್ಡಿನಲ್ಲಿ ಸುಡುವುದನ್ನು ಪರದೆಯ ಮೇಲೆ ಸುಟ್ಟು ತೋರಿಸಿದ್ದು ಹೀಗೆ.

ಪರಿಹಾರವನ್ನೂ ಮೊದಲು ಪರದೆಯ ಮೇಲೆಯೇ ಹುಡುಕಿದೆ. ಎರಡೂ ಅರ್ಧಗಳನ್ನು ಜೊತೆಜೊತೆಯಾಗಿ, ಒಂದೇ ಬಾರಿಗೆ ಸುತ್ತಿದರೆ ಆ 18 ಮೈಕ್ರೋಹೆನ್ರಿ ಎಷ್ಟಕ್ಕೆ ಇಳಿಯಬೇಕೆಂದು ಲೆಕ್ಕ ಹಾಕಿ ವೈಂಡಿಂಗಿನವರಿಗೆ ಹೇಳಿದೆ. ಐವತ್ತು ಹರ್ಟ್ಸಿಗೆ ಇದೆಲ್ಲ ಯಾಕೆ ಎಂದು ಅವರು ತಕರಾರು ತೆಗೆದರು, ನೂರೈವತ್ತು ರೂಪಾಯಿ ಹೆಚ್ಚು ಕೊಟ್ಟ ಮೇಲೆ ಸುತ್ತಿದರು. ಅಳತೆ 4 ಮೈಕ್ರೋಹೆನ್ರಿಗಿಂತ ಕೆಳಗೆ ಬಂತು. ಉಳಿದ ಸ್ಪೈಕನ್ನು ಸ್ನಬರ್ ಎಂಬ ಸಣ್ಣ ಸರ್ಕ್ಯೂಟ್ ನುಂಗುತ್ತದೆ. ಅದರ ಬಿಡಿಭಾಗಗಳ ಅಳತೆಗಳನ್ನೂ, ಸೆಕೆಂಡರಿಯನ್ನು ಎಲ್ಲಿ ಕೂರಿಸಿದೆ ಎಂಬುದನ್ನೂ ನಾನು ಇಲ್ಲಿ ಬರೆಯುವುದಿಲ್ಲ, ಅವು ನನ್ನ ಅನ್ನದ ದಾರಿ.

ಮಧ್ಯೆ ಕೆಲವು ಬದಿಯ ಪ್ರಯೋಗಗಳನ್ನೂ ಮಾಡಿದೆ. ಸ್ನಬರಿನಲ್ಲಿ 1ಎನ್4007 ಡಯೋಡಿನ ಬದಲು ಯುಎಫ್4007 ಹಾಕಿದರೆ ಬಿಸಿ ಕಡಿಮೆಯಾಗುವುದು ಪರದೆಯಲ್ಲೂ ಮೇಜಿನಲ್ಲೂ ಕಂಡಿತು. ಆದರೆ ಅದಕ್ಕೆ ಡಯೋಡ್ ಎಷ್ಟು ಬೇಗ ಆಫ್ ಆಗುತ್ತದೆಂದು ಹೇಳುವ, ಮಾಡೆಲಿನ ಟಿಟಿ ಎಂಬ ಅಂಕಿ ಸರಿಯಿರಬೇಕು. ಕೈಯಿಂದ ಕೈಗೆ ಹರಿದಾಡುವ ಅನೇಕ 4007 ಮಾಡೆಲುಗಳಲ್ಲಿ ಆ ಅಂಕಿಯೇ ಇರುವುದಿಲ್ಲ. ಟ್ರಾನ್ಸ್‌ಫಾರ್ಮರಿನ ಕೋರ್ ಸ್ಯಾಚುರೇಟ್ ಆಗುವುದನ್ನು (ಇನ್ನಷ್ಟು ಕಾಂತತೆ ಹಿಡಿಯಲಾರದ ಸ್ಥಿತಿಗೆ ಬರುವುದನ್ನು) ನೋಡಲು, ಅದನ್ನು ಲೆಕ್ಕಕ್ಕೆ ತರುವ ಚಾನ್ ಮಾಡೆಲಿನ ಇಂಡಕ್ಟರೊಂದನ್ನು ಪ್ರೈಮರಿಗೆ ಸಮಾಂತರವಾಗಿ ಇಟ್ಟು, ಒಂದು ಪಲ್ಸನ್ನು ಇನ್ನೊಂದಕ್ಕಿಂತ ತುಸು ಉದ್ದ ಮಾಡಿದೆ. ಕೆಲವೇ ಸುತ್ತುಗಳಲ್ಲಿ ಒಂದು ಬದಿಯ ಕರೆಂಟ್ ಎದ್ದು ನಿಂತಿತು. ಐಸಿಯ ಎರಡೂ ಔಟ್‌ಪುಟ್‌ಗಳ ಅಗಲವನ್ನು ಸ್ಕೋಪಿನಲ್ಲಿ ಹೋಲಿಸದೆ ನಾನು ಈಗ ಯಾವ ಪೆಟ್ಟಿಗೆಯನ್ನೂ ಮುಚ್ಚುವುದಿಲ್ಲ.

ಖರ್ಚಿನ ಲೆಕ್ಕ ಹೀಗಿದೆ. ಎಲ್‌ಟಿಸ್ಪೈಸ್ ಉಚಿತ, ಲ್ಯಾಪ್‌ಟಾಪ್ ಹಳೆಯದು, ಎಲ್‌ಸಿಆರ್ ಮೀಟರಿಗೆ ಆರು ಸಾವಿರದ ಹತ್ತಿರ. ಪ್ರತಿ ಪೆಟ್ಟಿಗೆಗೆ ವೈಂಡಿಂಗ್, ಸ್ನಬರ್ ಮತ್ತು ಒಳ್ಳೆಯ ಮಾಸ್ಫೆಟ್ ಸೇರಿ ನಾನೂರ ಐವತ್ತರಷ್ಟು ಹೆಚ್ಚು ಬೀಳುತ್ತದೆ. ಗಿರಾಕಿಗೆ ಹೇಳಿಯೇ ಅದನ್ನು ಸೇರಿಸುತ್ತೇನೆ, ಬೇಡ ಎಂದವರು ಇಬ್ಬರೋ ಮೂವರೋ ಇರಬಹುದು. ಹೋದ ವರ್ಷ ಮಂಗಳೂರಿನ ಆ ಹಿರಿಯರೇ ತಮ್ಮಲ್ಲಿ ಸುಡುತ್ತಿದ್ದ 800 ವಿಎ ಟ್ರಾನ್ಸ್‌ಫಾರ್ಮರೊಂದನ್ನು ನನಗೆ ಕಳುಹಿಸಿ, ಕೆ ಅಳೆದುಕೊಡಲು ಹೇಳಿದರು.