ಚಕ್ರದ ಬೇರಿಂಗ್: ಮನೆಯಂಗಳದಲ್ಲೇ ಬದಲಿಸುವ ಬಗೆ

ಬೈಕಿನ ವೇಗ ಏರಿದಂತೆಲ್ಲ ‘ಗುಂಯ್’ ಎಂಬ ಸದ್ದೂ ಏರುತ್ತಿದೆಯೇ? ಕ್ಲಚ್ ಹಿಡಿದು ಎಂಜಿನ್ ಸದ್ದು ತಗ್ಗಿಸಿದ ಮೇಲೂ ಅದು ಉಳಿದರೆ ಚಕ್ರದ ಬೇರಿಂಗ್ ಮೇಲೆ, ಅಂದರೆ ಚಕ್ರ ಸರಾಗವಾಗಿ ತಿರುಗಲೆಂದು ಒಳಬಳೆ, ಹೊರಬಳೆಗಳ ನಡುವೆ ಉಕ್ಕಿನ ಗುಂಡುಗಳನ್ನಿಟ್ಟ ಭಾಗದ ಮೇಲೆ, ಅನುಮಾನ ಪಡಬಹುದು. ದೇವಿಮನೆ ಘಟ್ಟ ಇಳಿಯುವಾಗ ತಿರುವುಗಳಲ್ಲಿ ಹಿಂಬದಿ ಓಲಾಡಿದಂತೆ ಅನಿಸಿದರೂ ಅದೇ ಅನುಮಾನ. ಡಬಲ್ ಸ್ಟ್ಯಾಂಡ್ ಹಾಕಿ, ಚಕ್ರದ ಮೇಲ್ತುದಿ ಮತ್ತು ಕೆಳತುದಿಯನ್ನು ಹಿಡಿದು ಎಡಬಲಕ್ಕೆ ಅಲ್ಲಾಡಿಸಿ. ‘ಟಕ್ ಟಕ್’ ಎಂದರೆ ಸವೆತವಾಗಿದೆ. ಹಿಂಬದಿಯಲ್ಲಿ ಸ್ವಿಂಗ್ ಆರ್ಮ್ (ಹಿಂಚಕ್ರವನ್ನು ಹಿಡಿದಿರುವ ತೋಳು) ಬುಷ್ ಸವೆದಾಗಲೂ ಹೀಗೇ ಅಲ್ಲಾಡುತ್ತದೆ. ಆದರೆ ಆಗ ಚಕ್ರದ ಜೊತೆಗೆ ಸ್ವಿಂಗ್ ಆರ್ಮ್ ಕೂಡ ಅಲುಗುತ್ತದೆ. ಬೇರಿಂಗ್ ಹೋಗಿದ್ದರೆ ಚಕ್ರವಷ್ಟೇ ಅಲುಗುತ್ತದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುತ್ತದೆ. ಶಿರಸಿ, ಸಿದ್ದಾಪುರದ ಕಡೆ ತೋಟಕ್ಕೆ ಹೋಗುವವರು ಹಳ್ಳದಲ್ಲೇ ಬೈಕ್ ಇಳಿಸುತ್ತಾರೆ. ಓಡಿ ಬಿಸಿಯಾದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಸಮುದ್ರದ ಅಲೆಯಂಚಿನಲ್ಲಿ ಗಾಡಿ ಓಡಿಸಿ ವಿಡಿಯೊ ಮಾಡುವ ಹುಡುಗರಂತೂ ಬೇರಿಂಗಿಗೆ ಉಪ್ಪುನೀರನ್ನೇ ಕುಡಿಸುತ್ತಾರೆ. ಅವರಿಗೆ ಈ ಲೇಖನ ಮತ್ತೆ ಮತ್ತೆ ಬೇಕಾದೀತು. ಆದರೆ ಹೊಸದಾಗಿ ಹಾಕಿಸಿದ ಬೇರಿಂಗ್ ಕೆಲವೇ ತಿಂಗಳಲ್ಲಿ ಸದ್ದು ಮಾಡತೊಡಗಿದರೆ ಮಳೆಯನ್ನು ದೂರುವ ಮೊದಲು ಅದನ್ನು ಕೂರಿಸಿದ ರೀತಿಯನ್ನು ವಿಚಾರಿಸಬೇಕು.

ಹಳೆಯ ಬೇರಿಂಗಿನ ಮೇಲೆ ಕೆತ್ತಿರುವ ಸಂಖ್ಯೆಯನ್ನು ನೋಡಿಯೇ ಹೊಸದನ್ನು ಕೊಳ್ಳಿ. 6301 ಎಂದಿದ್ದರೆ ಒಳರಂಧ್ರ 12 ಮಿ.ಮೀ., ಹೊರವ್ಯಾಸ 37, ದಪ್ಪ 12. 6302 ಆದರೆ 15, 42, 13. ಸಂಖ್ಯೆಯ ನಂತರ ‘2ಆರ್‌ಎಸ್’ ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್ ಇದೆ ಎಂದರ್ಥ. ‘ಝಡ್ ಝಡ್’ ಎಂದರೆ ತಗಡಿನ ಮುಚ್ಚಳ. ನಮ್ಮ ಮಳೆಗೆ ರಬ್ಬರಿನದೇ ಸರಿ. ಹಬ್ಬಿನ ಎರಡು ಬದಿಯ ಬೇರಿಂಗುಗಳಲ್ಲಿ ಒಂದೇ ಹೋಗಿದ್ದರೂ ಎರಡನ್ನೂ ಬದಲಿಸಿ, ಜೊತೆಗೆ ಹೊಸ ಡಸ್ಟ್ ಸೀಲನ್ನೂ (ಬೇರಿಂಗಿನ ಹೊರಗೆ ಕೂತು ದೂಳು ತಡೆಯುವ ಬಳೆ) ತನ್ನಿ. ಹಲವು ಬೈಕುಗಳ ಹಿಂಬದಿಯಲ್ಲಿ ಸ್ಪ್ರಾಕೆಟ್ ಕೂರುವ ಡ್ರಮ್ಮಿನೊಳಗೆ ಮೂರನೆಯದೊಂದು ಬೇರಿಂಗ್ ಇರುತ್ತದೆ. ಅದನ್ನು ಮರೆತು ಅಂಗಡಿಗೆ ಎರಡು ಸಲ ಹೋಗುವವರೇ ಹೆಚ್ಚು.

ಬಿಚ್ಚುವುದು

ಆಕ್ಸಲ್ ನಟ್ ಸಡಿಲಿಸಿ, ಆಕ್ಸಲ್ ಎಳೆದು ಚಕ್ರ ಹೊರತೆಗೆಯಿರಿ. ಎರಡೂ ಬದಿಯ ಬುಷ್‌ಗಳು ಯಾವ ಕಡೆಯವು ಎಂದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಹೊರಗಿರುವಾಗ ಯಾರೂ ಬ್ರೇಕ್ ಒತ್ತದಂತೆ ನೋಡಿಕೊಳ್ಳಿ. ಪ್ಯಾಡುಗಳು ಕೂಡಿಕೊಂಡರೆ ಬಿಡಿಸುವುದು ಬೇರೆಯೇ ಕೆಲಸ. ಚಕ್ರವನ್ನು ಡಿಸ್ಕಿನ ಮೇಲೆ ಮಲಗಿಸಬೇಡಿ. ಹಬ್ಬಿನ ಹತ್ತಿರ ಎರಡು ಮರದ ತುಂಡುಗಳನ್ನು ಆನಿಸಿ ಕೊಡಿ.

ಡಸ್ಟ್ ಸೀಲನ್ನು ಸ್ಕ್ರೂಡ್ರೈವರಿನಿಂದ ಎಬ್ಬಿಸಿ. ಅದರ ಕೆಳಗೆ ಲಾಕ್ ರಿಂಗ್ ಇದ್ದರೆ ಮೊದಲು ತೆಗೆಯಿರಿ, ಇಲ್ಲವಾದರೆ ಎಷ್ಟು ಹೊಡೆದರೂ ಬೇರಿಂಗ್ ಕದಲುವುದಿಲ್ಲ. ಎರಡು ಬೇರಿಂಗುಗಳ ನಡುವೆ ಹಬ್ಬಿನೊಳಗೆ ಸ್ಪೇಸರ್ ಎಂಬ ಕೊಳವೆ ಇರುತ್ತದೆ. ಉದ್ದನೆಯ ಸರಳಿನಿಂದ ಅದನ್ನು ಪಕ್ಕಕ್ಕೆ ಒತ್ತಿದರೆ ಆಚೆ ಬದಿಯ ಬೇರಿಂಗಿನ ಒಳಬಳೆಯ ಅಂಚು ಗೆರೆಯಷ್ಟು ಕಾಣುತ್ತದೆ. ಸರಳಿನ ತುದಿಯನ್ನು ಅಲ್ಲಿ ಊರಿ ಸುತ್ತಿಗೆಯಿಂದ ಬಡಿಯಿರಿ: ಒಮ್ಮೆ ಈ ಬದಿ, ಒಮ್ಮೆ ಎದುರು ಬದಿ. ಒಂದೇ ಕಡೆ ಹೊಡೆದರೆ ಬೇರಿಂಗ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಕಣ್ಣಿಗೆ ಕನ್ನಡಕ ಇರಲಿ. ಬೇರಿಂಗಿನ ಉಕ್ಕು ಗಡುಸು, ಚೂರು ಸಿಡಿಯುವುದುಂಟು.

ಹಬ್ಬಿನ ಒಳಭಾಗವನ್ನು ಒರೆಸಿ, ಬೇರಿಂಗ್ ಕೂರುವ ಗೂಡನ್ನು ಬೆರಳಿನಿಂದ ಸವರಿ ನೋಡಿ. ಗೂಡು ಕನ್ನಡಿಯಂತೆ ಹೊಳೆಯುತ್ತಿದ್ದು, ಹೊಸ ಬೇರಿಂಗ್ ಕೈಯಿಂದಲೇ ಸಡಿಲವಾಗಿ ಒಳಹೋದರೆ ಹಳೆಯದು ಒಳಗೇ ತಿರುಗಿ ಗೂಡನ್ನು ಸವೆಸಿದೆ. ಅಂಟು ಹಾಕಿ ದಾಟಿಸುವ ಉಪಾಯ ಘಟ್ಟದ ದಾರಿಯಲ್ಲಿ ಓಡಾಡುವ ಗಾಡಿಗೆ ಬೇಡ. ಲೇತ್ ಇರುವ ವರ್ಕ್‌ಶಾಪಿಗೆ ಹೋಗಿ ಬುಷ್ ಹಾಕಿಸಿ ಅಥವಾ ಹಬ್ ಬದಲಿಸಿ.

ಕೂರಿಸುವುದು

ಹೊಸ ಬೇರಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಿಂದಿನ ರಾತ್ರಿಯೇ ಫ್ರೀಜರಿನಲ್ಲಿಡಿ. ಅಲ್ಯೂಮಿನಿಯಂ ಹಬ್ ಬಿಸಿಯಾದಾಗ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬಚ್ಚಲ ಹಂಡೆಯಲ್ಲಿ ಕುದಿಯುವ ನೀರಿದ್ದರೆ ಸಾಕು. ಬಟ್ಟೆ ಅದ್ದಿ ಹಬ್ಬಿನ ಸುತ್ತ ಕೆಲವು ನಿಮಿಷ ಸುತ್ತಿಡಿ, ಗೂಡಿಗೆ ನೀರು ಇಳಿದರೆ ಒರೆಸಿ. ಬೆಂಕಿಯ ಜ್ವಾಲೆ ಹಿಡಿಯಬೇಡಿ. ನಮ್ಮ ಹವೆಯಲ್ಲಿ ಫ್ರೀಜರಿನಿಂದ ತೆಗೆದ ಬೇರಿಂಗ್ ಕ್ಷಣದಲ್ಲಿ ಬೆವರುತ್ತದೆ, ಅದನ್ನೂ ಒರೆಸಿ ತಡಮಾಡದೆ ಕೂರಿಸಿ.

ಪೆಟ್ಟು ಬೀಳಬೇಕಾದದ್ದು ಹೊರಬಳೆಯ ಮೇಲೆ ಮಾತ್ರ. ಒಳಬಳೆಗೆ ಹೊಡೆದರೆ ಆ ಪೆಟ್ಟು ಗುಂಡುಗಳ ಮೂಲಕ ಹಾದು, ಗುಂಡು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳನ್ನು ಮೂಡಿಸುತ್ತದೆ. ಅಂದು ಕೈಯಲ್ಲಿ ತಿರುಗಿಸಿದರೆ ಏನೂ ತಿಳಿಯದು; ಕೆಲವು ಸಾವಿರ ಕಿಲೋಮೀಟರ್ ಓಡಿದ ಮೇಲೆ ಗುಂಯ್‌ಗುಡಲು ಶುರು. ಹೊರಬಳೆಗೆ ಸರಿಹೊಂದುವ ಸಾಕೆಟ್ ಇದ್ದರೆ ಬಳಸಿ. ಇಲ್ಲವೇ ಹಳೆಯ ಬೇರಿಂಗಿನ ಹೊರಮೈಯನ್ನು ಗ್ರೈಂಡರಿನಲ್ಲಿ ತುಸು ಸವೆಸಿ, ಹೊಸದರ ಮೇಲಿಟ್ಟು, ಮರದ ತುಂಡನ್ನು ನಡುವೆ ಕೊಟ್ಟು ಬಡಿಯಿರಿ. ಸವೆಸದಿದ್ದರೆ ಹಳೆಯದೂ ಗೂಡಿನಲ್ಲೇ ಸಿಕ್ಕಿಕೊಂಡೀತು. ನೇರವಾಗಿ ಇಳಿಯುತ್ತಿದೆಯೇ ಎಂದು ಪ್ರತಿ ಎರಡು ಪೆಟ್ಟಿಗೊಮ್ಮೆ ನೋಡಿ. ತಳ ಮುಟ್ಟಿದೊಡನೆ ಮಂದವಾಗಿದ್ದ ಸದ್ದು ‘ಠಣ್’ ಎಂದು ಬದಲಾಗುತ್ತದೆ. ಅಲ್ಲಿಗೆ ನಿಲ್ಲಿಸಿ.

ಈಗ ಚಕ್ರ ಮಗುಚಿ, ಸ್ಪೇಸರ್ ಹಾಕಿ. ಇದನ್ನು ಬಿಟ್ಟು ಎರಡನೆಯ ಬೇರಿಂಗ್ ಕೂರಿಸಿದರೆ ಆಕ್ಸಲ್ ನಟ್ ಬಿಗಿದಾಗ ಎರಡೂ ಒಳಬಳೆಗಳು ಪರಸ್ಪರ ಒತ್ತಿ ಬೇರಿಂಗುಗಳು ಬೇಗನೆ ಸಾಯುತ್ತವೆ. ಎರಡನೆಯದನ್ನು ಅದರ ಒಳಬಳೆ ಸ್ಪೇಸರಿಗೆ ತಾಗುವವರೆಗಷ್ಟೇ ಇಳಿಸಿ. ಬೆರಳು ಹಾಕಿ ತಳ್ಳಿದರೆ ಸ್ಪೇಸರ್ ಕಷ್ಟಪಟ್ಟು ಅಲುಗಬೇಕು: ಗಡಗಡ ಆಡಿದರೆ ಬೇರಿಂಗ್ ಇನ್ನೂ ಮೇಲಿದೆ, ಕದಲದೇ ಬೇರಿಂಗ್ ತಿರುಗುವುದೂ ಬಿಗಿಯಾದರೆ ಹೆಚ್ಚು ಇಳಿದಿದೆ. ಯಾವ ಬದಿ ಮೊದಲು ಎಂಬುದು ಬೈಕಿನ ಕೈಪಿಡಿಯಲ್ಲಿರುತ್ತದೆ.

ಸೀಲ್ ಇರುವ ಬೇರಿಂಗಿನಲ್ಲಿ ಗ್ರೀಸ್ ಕಾರ್ಖಾನೆಯಲ್ಲೇ ತುಂಬಿರುತ್ತದೆ. ಪೆಟ್ರೋಲಿನಲ್ಲಿ ತೊಳೆಯುವ ಹಳೆಯ ಅಭ್ಯಾಸ ಇಲ್ಲಿ ಸಲ್ಲದು. ಗ್ರೀಸ್ ಬೇಕಿರುವುದು ಡಸ್ಟ್ ಸೀಲಿನ ತುಟಿಗೆ ಮತ್ತು ಆಕ್ಸಲಿಗೆ. ಕರಾವಳಿಯವರು ಆಕ್ಸಲಿಗೆ ಧಾರಾಳವಾಗಿಯೇ ಸವರಿ, ಮುಂದಿನ ಸಲ ಅದು ತುಕ್ಕು ಹಿಡಿದು ಸಿಕ್ಕಿಕೊಂಡಿರುವುದಿಲ್ಲ.

ಜೋಡಿಸುವಾಗ ಸ್ಪೀಡೊಮೀಟರ್ ಗೇರಿನ ಹಲ್ಲು ಹಬ್ಬಿನ ಕಚ್ಚಿಗೂ, ಡ್ರಮ್ ಬ್ರೇಕಿನ ಪ್ಲೇಟು ಅದರ ತಡೆಗೂ ಸರಿಯಾಗಿ ಕೂರಲಿ. ನಟ್ಟನ್ನು ಕೈಪಿಡಿ ಹೇಳಿದಷ್ಟೇ ಬಿಗಿಯಿರಿ, ಸ್ಪ್ಲಿಟ್ ಪಿನ್ ಹೊಸದು ಹಾಕಿ, ಚೈನಿನ ಸಡಿಲ ನೋಡಿ. ಹೊರಡುವ ಮೊದಲು ಡಿಸ್ಕ್ ಬ್ರೇಕನ್ನು ಗಟ್ಟಿಯಾಗುವ ತನಕ ನಾಲ್ಕೈದು ಸಲ ಒತ್ತಿ. ಮೊದಲ ಒತ್ತಿಗೆ ಅದು ಹಿಡಿಯುವುದಿಲ್ಲ. ಊರೊಳಗೆ ಒಂದು ಸುತ್ತು ಹಾಕಿ ಬಂದು ಹಬ್ ಮುಟ್ಟಿ ನೋಡಿ. ಬ್ರೇಕ್ ಹೆಚ್ಚು ಹಿಡಿಯದಿದ್ದರೂ ಕೈ ಸುಡುವಷ್ಟು ಬಿಸಿಯಾಗಿದ್ದರೆ ಬಿಚ್ಚಿ ಸ್ಪೇಸರ್ ಪರೀಕ್ಷಿಸಿ. ತಣ್ಣಗಿದ್ದರೆ ನೂರು ಕಿಲೋಮೀಟರಿನ ಬಳಿಕ ಆಕ್ಸಲ್ ನಟ್ಟಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿದರಾಯಿತು.