ಮನೆಯೊಳಗಿನ ಟೆಲಿಫೋನ್ ತಂತಿ ಮತ್ತು ಡಿಎಸ್‌ಎಲ್ ಲೈನು: ಮೊದಲು ಸ್ಪ್ಲಿಟರ್, ಆಮೇಲೆ ಕವಲು

ವಿಜಯಪುರದ ಹಳೆಯ ಓಣಿಗಳಲ್ಲಿ ಇನ್ನೂ ಗಟ್ಟಿಯಾಗಿ ನಿಂತಿರುವ ಮಾಳಿಗೆಮನೆಗಳ ಗೋಡೆಗಳು ಕಲ್ಲು-ಮಣ್ಣಿನವು. ಅವು ಎರಡಡಿ ದಪ್ಪವಿರುವುದು ಸಾಮಾನ್ಯ. ಇಂಥ ಮನೆಯ ಪಡಸಾಲೆಯಲ್ಲಿ ಮೋಡೆಮ್ ಇಟ್ಟರೆ ವೈಫೈ ಒಳಕೋಣೆಯವರೆಗೆ ಬರುವುದಿಲ್ಲ. ಗೋಡೆಯ ಮಾಡದೊಳಗೆ ಇಟ್ಟರಂತೂ ಕೇಳುವುದೇ ಬೇಡ. ಹಾಗಾಗಿ ಹೆಚ್ಚಿನವರು ಟೆಲಿಫೋನ್ ತಂತಿಯನ್ನೇ ಅಲ್ಲಲ್ಲಿ ಕವಲೊಡೆಸಿ, ಟೇಪು ಸುತ್ತಿ, ಕೋಣೆಯಿಂದ ಕೋಣೆಗೆ ಎಳೆದುಕೊಂಡು ಹೋಗುತ್ತಾರೆ. ಫೋನಿನಲ್ಲಿ ಮಾತು ಸ್ಪಷ್ಟವಾಗಿ ಕೇಳಿಸುತ್ತದೆ, ಆದರೆ ಇಂಟರ್ನೆಟ್ ಗಂಟೆಗೆ ನಾಲ್ಕು ಸಲ ಕಡಿಯುತ್ತದೆ. ಆಮೇಲೆ ಮೋಡೆಮ್ ಬದಲಾಯಿಸುತ್ತಾರೆ, ದೂರಿನ ಮೇಲೆ ದೂರು ಕೊಡುತ್ತಾರೆ. ನಾನು ಬಿಚ್ಚಿ ನೋಡಿದ ಮನೆಗಳಲ್ಲೆಲ್ಲ ದೋಷವಿದ್ದದ್ದು ಬಹುಪಾಲು ಈ ಕವಲುಗಳಲ್ಲಿ, ಮತ್ತು ಅದನ್ನು ಮನೆಯವರೇ ಅರ್ಧ ದಿನದಲ್ಲಿ ಸರಿಪಡಿಸಬಹುದು.

ಒಂದೇ ಜೋಡಿ ತಾಮ್ರದ ಎಳೆಗಳಲ್ಲಿ ಎರಡು ಬಗೆಯ ಸಂಚಾರ ನಡೆಯುತ್ತದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಮಾತು 300ರಿಂದ 3,400 ಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಹೋಗುತ್ತದೆ. ಡಿಎಸ್‌ಎಲ್ (ಟೆಲಿಫೋನ್ ತಂತಿಯ ಮೇಲೆಯೇ ಬರುವ ಇಂಟರ್ನೆಟ್) ಸಂಕೇತವು ಸುಮಾರು 25 ಕಿಲೋಹರ್ಟ್ಸ್‌ನಿಂದ ಆರಂಭವಾಗಿ, ಅದರ ವೇಗದ ಬಗೆಯಾದ ಎಡಿಎಸ್‌ಎಲ್2+ ಆದರೆ 2.2 ಮೆಗಾಹರ್ಟ್ಸ್‌ವರೆಗೆ ಏರುತ್ತದೆ. ಮಾತಿಗೆ ಎಂಥ ಹರಕು ತಂತಿಯಾದರೂ ನಡೆಯುತ್ತದೆ, ಮೆಗಾಹರ್ಟ್ಸ್‌ಗೆ ನಡೆಯುವುದಿಲ್ಲ. ತುದಿಯಲ್ಲಿ ಏನೂ ಜೋಡಿಸದೆ ಬಿಟ್ಟ ಕವಲು ಸುಮ್ಮನೆ ಬಿದ್ದಿದೆ ಎಂದು ನಮಗೆ ಅನಿಸಿದರೂ ಸಂಕೇತವು ಅದರೊಳಗೆ ಹೋಗಿ, ತುದಿಗೆ ಬಡಿದು, ಹಿಂದಿರುಗಿ ಮೂಲ ಸಂಕೇತವನ್ನೇ ಕೆಡಿಸುತ್ತದೆ. ಸುಮಾರು 30 ಮೀಟರ್ ಉದ್ದದ ಇಂಥ ಸತ್ತ ಕವಲು 1.6 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ, ಎಂದರೆ ಡೌನ್‌ಲೋಡ್ ಪಟ್ಟಿಯ ನಡುವೆಯೇ, ತಗ್ಗು ತೋಡುತ್ತದೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಎಲ್ಲೆಯನ್ನು ಗುರುತಿಸಿಕೊಳ್ಳಬೇಕು. ಕಂಬದ ಮೇಲಿನ ಡಿಪಿ ಬಾಕ್ಸ್ (ಮನೆಮನೆಗೆ ಲೈನು ಹಂಚುವ ಡಬ್ಬಿ) ಮತ್ತು ಅಲ್ಲಿಂದ ಮನೆಯ ಗೋಡೆಯ ಮೇಲೆ ತಂತಿ ಜೋಡಿಸುವ ಪುಟ್ಟ ಡಬ್ಬಿಯಾದ ಮೊದಲ ರೊಸೆಟ್ ಬಾಕ್ಸ್‌ವರೆಗೆ ಬರುವ ಡ್ರಾಪ್ ವೈರ್ ಕಂಪನಿಗೆ ಸೇರಿದವು, ಅವುಗಳನ್ನು ಮುಟ್ಟಬಾರದು. ರೊಸೆಟ್‌ನಿಂದ ಒಳಗಿನದು ನಮ್ಮದು. ಸುಮ್ಮನಿರುವ ಲೈನಿನಲ್ಲಿ ಸುಮಾರು 48 ವೋಲ್ಟ್ ಡಿಸಿ ಇರುತ್ತದೆ, ಇದು ಒಣಗಿದ ಬೆರಳಿಗೆ ತಿಳಿಯುವುದೇ ಇಲ್ಲ. ಆದರೆ ಗಂಟೆ ಬಾರಿಸುವಾಗ 75 ವೋಲ್ಟ್‌ನಷ್ಟು ಅಥವಾ ಅದಕ್ಕೂ ಹೆಚ್ಚಿನ ಎಸಿ ಹರಿಯುತ್ತದೆ. ಒಮ್ಮೆ ಏಣಿಯ ಮೇಲೆ ನಿಂತು, ಸ್ಟ್ರಿಪ್ಪರ್ ಕೆಳಗೇ ಉಳಿಯಿತೆಂದು ತಂತಿಯ ಸಿಪ್ಪೆಯನ್ನು ಹಲ್ಲಿನಿಂದ ಸುಲಿಯುತ್ತಿದ್ದಾಗ ಯಾರೋ ಫೋನ್ ಮಾಡಿದರು. ಆ ಏಟಿಗೆ ಏಣಿಯಿಂದ ಬೀಳದೆ ಉಳಿದದ್ದು ಜಂತಿಯನ್ನು ಹಿಡಿದುಕೊಂಡಿದ್ದರಿಂದ. ಅಂದಿನಿಂದ ರೊಸೆಟ್‌ನಲ್ಲಿ ಒಳಗಿನ ಎರಡೂ ಎಳೆಗಳನ್ನು ಬಿಚ್ಚಿದ ಮೇಲೆಯೇ ನಾನು ಮುಂದಿನ ಕೆಲಸಕ್ಕೆ ಇಳಿಯುತ್ತೇನೆ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಸ್ಕ್ರೂಡ್ರೈವರ್, ಪಕ್ಕಡ, ಸ್ಟ್ರಿಪ್ಪರ್, ಒಂದು ಸಾಧಾರಣ ಮಲ್ಟಿಮೀಟರ್, ಎರಡು ಮೂರು ಹೊಸ ರೊಸೆಟ್ ಬಾಕ್ಸ್, ಮಾತನ್ನೂ ಇಂಟರ್ನೆಟ್ಟನ್ನೂ ಬೇರ್ಪಡಿಸುವ ಒಂದು ಸ್ಪ್ಲಿಟರ್ ಮತ್ತು ತಿರುಚಿದ ಜೋಡಿಗಳಿರುವ ಕ್ಯಾಟ್-5 ಕೇಬಲ್ ಸಾಕು. ಚಪ್ಪಟೆಯಾದ ಟೆಲಿಫೋನ್ ಕಾರ್ಡನ್ನು ಗೋಡೆಯುದ್ದಕ್ಕೂ ಎಳೆಯುವ ರೂಢಿಯನ್ನು ಬಿಡಬೇಕು, ಏಕೆಂದರೆ ಅದರ ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವುದಿಲ್ಲವಾದ್ದರಿಂದ ಪಕ್ಕದ ಕರೆಂಟ್ ವೈರಿನ, ಮೋಟಾರಿನ, ಅಗ್ಗದ ಚಾರ್ಜರ್‌ಗಳ ಗದ್ದಲವನ್ನೆಲ್ಲ ಅದು ಹೀರಿಕೊಳ್ಳುತ್ತದೆ.

ಜೋಡಣೆಯ ಸೂತ್ರ ಇಷ್ಟೇ: ಹೊರಗಿನ ಲೈನು ಮನೆಯೊಳಗೆ ಬಂದ ಕೂಡಲೇ ಮೊದಲ ರೊಸೆಟ್‌ನಿಂದ ನೇರವಾಗಿ ಸ್ಪ್ಲಿಟರ್‌ಗೆ ಹೋಗಬೇಕು, ನಡುವೆ ಒಂದು ಕವಲೂ ಇರಕೂಡದು. ಸ್ಪ್ಲಿಟರ್‌ನ ‘ಲೈನ್’ ಎಂಬ ತೂತಿಗೆ ಹೊರಗಿನ ಲೈನು, ‘ಮೋಡೆಮ್’ ಎಂಬುದಕ್ಕೆ ಮೋಡೆಮ್ ಕಾರ್ಡು, ‘ಫೋನ್’ ಎಂಬುದಕ್ಕೆ ಮನೆಯ ಎಲ್ಲ ಫೋನುಗಳ ಕವಲುಗಳು. ಹೀಗೆ ಮಾಡಿದಾಗ ಸ್ಪ್ಲಿಟರ್‌ನೊಳಗಿನ ಸುರುಳಿ ಮತ್ತು ಕೆಪಾಸಿಟರ್‌ಗಳು ಎತ್ತರದ ಕಂಪನಗಳನ್ನು ಫೋನಿನ ಕಡೆಗೆ ಬಿಡುವುದಿಲ್ಲವಾದ್ದರಿಂದ ಆ ಬದಿಯಲ್ಲಿ ಎಷ್ಟು ಕವಲಿದ್ದರೂ ಡಿಎಸ್‌ಎಲ್‌ಗೆ ಬಾಧೆಯಿಲ್ಲ. ಇದಕ್ಕೆ ಬದಲಾಗಿ ಸ್ಪ್ಲಿಟರ್‌ಗಿಂತ ಮುಂಚೆಯೇ ಅಡುಗೆಮನೆಗೊಂದು, ಅಟ್ಟಕ್ಕೊಂದು ಎಂದು ಕವಲೊಡೆದಿದ್ದರೆ ಪ್ರತಿ ಫೋನಿಗೂ ಬೇರೆ ಬೇರೆ ಫಿಲ್ಟರ್ ಹಾಕಬೇಕಾಗುತ್ತದೆ; ಒಂದನ್ನು ಮರೆತರೂ ಫೋನ್ ಎತ್ತಿದಾಗಲೆಲ್ಲ ಮೋಡೆಮ್‌ನ ಡಿಎಸ್‌ಎಲ್ ದೀಪ ಮಿಣುಕತೊಡಗುತ್ತದೆ.

ಎಳೆಗಳ ಜೋಡಣೆಯಲ್ಲಿ ಒಂದು ಕಡೆ ಮಾತ್ರ ಬಹಳ ಎಚ್ಚರ ಬೇಕು. ಕ್ಯಾಟ್-5ರಲ್ಲಿ ನೀಲಿ ಎಳೆಯು ನೀಲಿ-ಬಿಳಿ ಎಳೆಯೊಂದಿಗೆ ಸುತ್ತಿಕೊಂಡಿರುತ್ತದೆ, ಮತ್ತು ಲೈನಿಗೆ ಇವೆರಡನ್ನೇ ಬಳಸಬೇಕು. ನೀಲಿಯನ್ನೊಂದು, ಕಿತ್ತಳೆಯನ್ನೊಂದು ಹಿಡಿದರೆ ಮೀಟರ್ ಸರಿಯೆನ್ನುತ್ತದೆ, ಫೋನ್ ಗಂಟೆ ಬಾರಿಸುತ್ತದೆ, ಆದರೆ ಜೋಡಿ ಒಡೆದುಹೋದ್ದರಿಂದ ಡಿಎಸ್‌ಎಲ್ ಸೊರಗುತ್ತದೆ. ಹುಡುಕಲು ಇದರಷ್ಟು ಸತಾಯಿಸುವ ದೋಷ ಇನ್ನೊಂದಿಲ್ಲ. ಎರಡೆಳೆಗಳು ಅದಲು ಬದಲಾದರೆ ಮೋಡೆಮ್‌ಗೆ ವ್ಯತ್ಯಾಸವಿಲ್ಲ. ಆರ್‌ಜೆ-11 ಪ್ಲಗ್‌ನಲ್ಲಿ ನಡುವಿನ ಎರಡು ಕಾಲುಗಳೇ ಲೈನಿನವು.

ಸಿಪ್ಪೆಯನ್ನು ಅರ್ಧ ಇಂಚಿನಷ್ಟು ಸುಲಿದು, ತಾಮ್ರಕ್ಕೆ ಗೀರು ಬೀಳದಂತೆ ನೋಡಿಕೊಂಡು, ಸ್ಕ್ರೂ ತಿರುಗುವ ದಿಕ್ಕಿನಲ್ಲಿಯೇ ಎಳೆಯನ್ನು ಸುತ್ತಿ ಬಿಗಿಯಬೇಕು. ಹಳೆಯ ರೊಸೆಟ್‌ನ ಸ್ಕ್ರೂ ಹಸಿರುಗಟ್ಟಿದ್ದರೆ ಉಜ್ಜಿ ಮತ್ತೆ ಬಳಸುವ ಉಸಾಬರಿ ಬೇಡ, ಹೊಸದು ಹಾಕಿರಿ. ಒಳಗೆ ಇರುವೆಗಳು ಮಣ್ಣು ತುಂಬಿಟ್ಟ ರೊಸೆಟ್‌ಗಳನ್ನು ನಾನು ಎಷ್ಟೋ ಸಲ ಬಿಚ್ಚಿದ್ದೇನೆ. ತಂತಿಯ ನಡುವೆ ಎಲ್ಲೂ ಗಂಟು ಹಾಕಬೇಡಿ. ಜೋಡಿಸಲೇಬೇಕಾದಲ್ಲಿ ಒಂದು ಬಾಕ್ಸ್ ಇಡಿ. ಕಲ್ಲುಗೋಡೆಗೆ ತೂತು ಕೊರೆಯುವ ಬದಲು ಬಾಗಿಲ ಚೌಕಟ್ಟಿನ ಮೇಲಿನ ಸಂದನ್ನೋ ಜಂತಿಯ ಬದಿಯನ್ನೋ ಬಳಸಿಕೊಳ್ಳಬಹುದು. ಕರೆಂಟ್ ವೈರಿನಿಂದ ಒಂದಡಿ ದೂರವಿರಲಿ, ದಾಟಲೇಬೇಕಾದರೆ ಅಡ್ಡಲಾಗಿ ದಾಟಲಿ, ಒಂದೇ ಪೈಪಿನಲ್ಲಂತೂ ಎರಡನ್ನೂ ಹಾಕಬಾರದು.

ಹೊರಗಿನ ಲೈನು ಜೋಡಿಸುವ ಮುನ್ನ ಮೀಟರ್ ಹಿಡಿಯಿರಿ. ಫೋನುಗಳನ್ನೂ ಮೋಡೆಮನ್ನೂ ಸ್ಪ್ಲಿಟರನ್ನೂ ತೆಗೆದು ಎರಡೆಳೆಗಳ ನಡುವೆ ಓಮ್ ಅಳೆದರೆ ಮೀಟರ್ ಅನಂತವನ್ನೇ ತೋರಿಸಬೇಕು. ಏನಾದರೂ ಅಂಕಿ ಬಂದರೆ ಎಲ್ಲೋ ತೇವವಿದೆ ಅಥವಾ ಸಿಪ್ಪೆ ಸವೆದಿದೆ. ಆಮೇಲೆ ದೂರದ ತುದಿಯಲ್ಲಿ ಎರಡನ್ನೂ ಸೇರಿಸಿ ಈ ತುದಿಯಲ್ಲಿ ಅಳೆಯಬೇಕು. 0.5 ಮಿಲಿಮೀಟರ್ ತಾಮ್ರಕ್ಕೆ ಹೋಗಿ ಬರುವ ದಾರಿ ಕಿಲೋಮೀಟರ್‌ಗೆ ಸುಮಾರು 176 ಓಮ್ ಆಗುವುದರಿಂದ 30 ಮೀಟರ್ ತಂತಿಗೆ ಐದು ಓಮ್ ಬರಬೇಕು. ಮೂವತ್ತೋ ನಲವತ್ತೋ ಬಂದರೆ ಯಾವುದೋ ಸ್ಕ್ರೂ ಸಡಿಲವಾಗಿದೆ. ಲೈನು ಕೊಟ್ಟ ಮೇಲೆ ಫೋನ್ ಇಟ್ಟಾಗ 48 ವೋಲ್ಟ್ ಸುಮಾರು, ಎತ್ತಿದಾಗ ಹತ್ತರ ಒಳಗೆ ಇಳಿಯಬೇಕು.

ಮೋಡೆಮ್‌ನ ಸೆಟ್ಟಿಂಗ್ ಪುಟವನ್ನು ಬ್ರೌಸರ್‌ನಲ್ಲಿ ಸಾಮಾನ್ಯವಾಗಿ 192.168.1.1 ವಿಳಾಸದಲ್ಲಿ ತೆರೆಯಬಹುದು. ಬಿಎಸ್‌ಎನ್‌ಎಲ್ ಎಡಿಎಸ್‌ಎಲ್‌ಗೆ ವಿಪಿಐ 0, ವಿಸಿಐ 35 (ಕಂಪನಿಯ ಜಾಲದಲ್ಲಿ ಸಂಪರ್ಕದ ದಾರಿ ಗುರುತಿಸುವ ಎರಡು ಅಂಕಿಗಳು) ಎಂದಿರಬೇಕು. ಆ ಪುಟದಲ್ಲಿ ನೋಡಬೇಕಾದದ್ದು ಎಸ್‌ಎನ್‌ಆರ್ ಮಾರ್ಜಿನ್, ಎಂದರೆ ಗದ್ದಲವನ್ನು ತಡೆದುಕೊಳ್ಳಲು ಸಂಕೇತಕ್ಕೆ ಉಳಿದಿರುವ ಅಂತರ: ಅದು 6 ಡೆಸಿಬೆಲ್‌ಗಿಂತ ಕೆಳಗಿದ್ದರೆ ಲೈನು ಕಡಿಯುತ್ತಲೇ ಇರುತ್ತದೆ, 10 ದಾಟಿದರೆ ನೆಮ್ಮದಿ. ಮೊದಲ ರೊಸೆಟ್‌ಗೇ ಮೋಡೆಮ್ ಸಿಕ್ಕಿಸಿ ಒಮ್ಮೆ ಈ ಅಂಕಿಯನ್ನು ಬರೆದುಕೊಂಡು, ಮನೆಯ ತಂತಿಯನ್ನೆಲ್ಲ ಜೋಡಿಸಿದ ಮೇಲೆ ಮತ್ತೊಮ್ಮೆ ನೋಡಿ. ಎರಡೂ ಸಮವಾಗಿದ್ದರೆ ನಿಮ್ಮ ಕೆಲಸ ಸರಿಯಾಗಿದೆ. ಮೊದಲ ರೊಸೆಟ್‌ನಲ್ಲೇ ಅಂಕಿ ಕೆಟ್ಟಿದ್ದರೆ ಮಾತ್ರ ದೂರು ಕೊಡಬೇಕಾದದ್ದು ಕಂಪನಿಗೆ.

ಒಳಕೋಣೆಗೆ ಇಂಟರ್ನೆಟ್ ಬೇಕಾದರೆ ಟೆಲಿಫೋನ್ ಲೈನನ್ನು ಉದ್ದ ಮಾಡದೆ, ಮೋಡೆಮನ್ನು ಸ್ಪ್ಲಿಟರ್ ಪಕ್ಕದಲ್ಲೇ ಇಟ್ಟು, ಅಲ್ಲಿಂದ ಈಥರ್ನೆಟ್ ಕೇಬಲ್ ಎಳೆಯಿರಿ. ಅದು 100 ಮೀಟರ್‌ವರೆಗೆ ನಿಭಾಯಿಸುತ್ತದೆ. ಎಷ್ಟು ದೊಡ್ಡ ವಾಡೆಗಾದರೂ ಸಾಕು.

ಹೊರಗಿನ ತಂತಿ ಗೋಡೆಯನ್ನು ಹೊಕ್ಕುವ ಜಾಗದಲ್ಲಿ ಅದನ್ನು ಒಂದು ಗೇಣು ಕೆಳಗೆ ಜೋಲು ಬಿಟ್ಟು ಮೇಲೇರಿಸಿದರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ. ಬೆಳಗಾವಿ, ಖಾನಾಪುರದ ಕಡೆಯ ಮಳೆಗೆ ಇದು ಕಡ್ಡಾಯ. ನಮ್ಮ ಕಡೆ ಭರಣಿ, ಕೃತ್ತಿಕೆ ಮಳೆಗಳ ಹೊತ್ತಿಗೆ ಸಿಡಿಲು ಹೆಚ್ಚಾದ್ದರಿಂದ ಮೋಡ ಗುಡುಗಿದರೆ ಲೈನಿನ ಪ್ಲಗ್ಗನ್ನೂ ಕರೆಂಟಿನ ಪ್ಲಗ್ಗನ್ನೂ ಎರಡನ್ನೂ ಕಿತ್ತಿಡಬೇಕು. ಒಂದನ್ನೇ ಕಿತ್ತರೆ ಮೋಡೆಮ್ ಉಳಿಯುವ ಭರವಸೆಯಿಲ್ಲ.

ಮುಂದೆ ಫೈಬರ್ ಬಂದರೂ ಈ ಒಳತಂತಿ ವ್ಯರ್ಥವಾಗುವುದಿಲ್ಲ. ಫೈಬರ್ ಪೆಟ್ಟಿಗೆಯ ಫೋನ್ ತೂತಿನಿಂದ ಒಂದು ಕಾರ್ಡನ್ನು ರೊಸೆಟ್‌ಗೆ ಕೊಟ್ಟರೆ ಮನೆಯ ಹಳೆಯ ಫೋನುಗಳೆಲ್ಲ ಎಂದಿನಂತೆ ಮೊಳಗುತ್ತವೆ. ಹಾಗೆ ಮಾಡುವ ಮುನ್ನ ಹೊರಗಿನಿಂದ ಬಂದ ತಾಮ್ರದ ಎರಡು ಎಳೆಗಳನ್ನು ರೊಸೆಟ್‌ನಿಂದ ಬಿಚ್ಚಿ, ತುದಿಗಳಿಗೆ ಬೇರೆ ಬೇರೆಯಾಗಿ ಟೇಪು ಸುತ್ತಿಡಬೇಕು. ಇಲ್ಲದಿದ್ದರೆ ಹಳೆಯ ಲೈನಿನ 48 ವೋಲ್ಟ್ ಹೊಸ ಪೆಟ್ಟಿಗೆಯೊಳಗೆ ನುಗ್ಗುತ್ತದೆ.