ಕಾಂಕ್ರೀಟ್ ಬೀಳುವ ಮುನ್ನವೇ ಕರೆಂಟಿನ ಕೆಲಸ: ಈಜುಕೊಳ, ಸ್ಪಾಗಳಿಗೆ ವಿದ್ಯುತ್ ಸುರಕ್ಷತೆ ಹೇಗೆ?

ಈಜುಕೊಳ ಕಟ್ಟಿಸುವವರು ಮೊದಲು ಗುಂಡಿ ತೋಡುವವರನ್ನು ಕರೆಸುತ್ತಾರೆ, ಆಮೇಲೆ ಕಾಂಕ್ರೀಟಿನವರನ್ನು, ಅದಾದ ಮೇಲೆ ಟೈಲ್ಸ್ ಹಾಕುವವರನ್ನು. ಎಲೆಕ್ಟ್ರಿಷಿಯನ್ ಕಾಲಿಡುವುದು ಎಲ್ಲ ಮುಗಿದು ಪಂಪು, ದೀಪಗಳಿಗೆ ಕರೆಂಟು ಕೊಡುವ ಹೊತ್ತಿಗೆ. ಈ ಸರದಿಯೇ ತಪ್ಪು. ಕೊಳದ ಸುರಕ್ಷತೆಯ ಅತಿ ದೊಡ್ಡ ಕೆಲಸ ಕಾಂಕ್ರೀಟಿನೊಳಗೆ ಹೂತುಹೋಗುವಂಥದ್ದು. ಅದು ತಪ್ಪಿಹೋದರೆ ಮತ್ತೆ ನೆಲ ಒಡೆಯಬೇಕು. ಅಷ್ಟು ದುಡ್ಡು ಸುರಿದು ಟೈಲ್ಸ್ ಹಾಕಿಸಿದ ಮೇಲೆ ಒಡೆಸಲು ಯಾರಿಗೂ ಮನಸ್ಸು ಬರುವುದಿಲ್ಲ.

ನೀರಿನಲ್ಲಿ ಅಪಾಯ ಏಕೆ ಹೆಚ್ಚು ಎಂಬುದನ್ನು ಮೊದಲು ತಿಳಿಯೋಣ. ಒಣ ಚರ್ಮ ವಿದ್ಯುತ್ತಿಗೆ ಒಂದಿಷ್ಟು ತಡೆ ಒಡ್ಡುತ್ತದೆ. ನೆನೆದ ಮೈಯಲ್ಲಿ ಆ ತಡೆ ಬಹಳ ಕುಸಿಯುತ್ತದೆ. ಸುಮಾರು 10 ಮಿಲಿಆಂಪಿಯರ್ ಕರೆಂಟು ಮೈಯೊಳಗೆ ಹರಿದರೂ ಸ್ನಾಯುಗಳು ಬಿಗಿದುಕೊಂಡು, ಹಿಡಿದದ್ದನ್ನು ಬಿಡಲು ಆಗದಂತಾಗಬಹುದು. 230 ವೋಲ್ಟಿನಲ್ಲಿ ಉರಿಯುವ 9 ವ್ಯಾಟಿನ ಎಲ್‌ಇಡಿ ಬಲ್ಬು ಎಳೆಯುವ ಕರೆಂಟಿನ ಸುಮಾರು ಕಾಲು ಭಾಗ ಅದು. ನೆಲದ ಮೇಲಿರುವವನು ಶಾಕ್ ಹೊಡೆದಾಗ ಬಿದ್ದಾದರೂ ತಪ್ಪಿಸಿಕೊಂಡಾನು. ನೀರಿನಲ್ಲಿರುವವನ ಕೈಕಾಲು ಆಡದಿದ್ದರೆ ಅವನು ಮುಳುಗುತ್ತಾನೆ. ಮೈಮೇಲೆ ಸುಟ್ಟ ಗುರುತೂ ಉಳಿಯದಿರಬಹುದು; ಈಜಲು ಬಾರದೆ ಸತ್ತನೆಂದೇ ಜನ ತಿಳಿದುಕೊಳ್ಳುತ್ತಾರೆ.

ಮೊದಲು ಕಾಗದದ ಮೇಲೆ ಗೆರೆ ಎಳೆಯಿರಿ

ಐಇಸಿ ಎಂದೇ ಹೆಸರಾದ ಅಂತರರಾಷ್ಟ್ರೀಯ ಎಲೆಕ್ಟ್ರೊಟೆಕ್ನಿಕಲ್ ಆಯೋಗದ 60364 ಸರಣಿಯ ಮಾನಕಗಳಲ್ಲಿ 702ನೆಯ ವಿಭಾಗ ಈಜುಕೊಳಗಳಿಗೆಂದೇ ಮೀಸಲು. ಅದು ಕೊಳವನ್ನೂ ಸುತ್ತಲಿನ ಜಾಗವನ್ನೂ ಮೂರು ವಲಯಗಳಾಗಿ ವಿಂಗಡಿಸುತ್ತದೆ. ನೀರು ತುಂಬುವ ಒಳಭಾಗ ವಲಯ 0. ಕಾಲು ತೊಳೆಯುವ ತೊಟ್ಟಿಯೂ ಇದರಲ್ಲೇ ಸೇರುತ್ತದೆ. ಕೊಳದ ಅಂಚಿನಿಂದ 2 ಮೀಟರ್ ದೂರದವರೆಗೆ, ನೆಲದಿಂದ 2.5 ಮೀಟರ್ ಎತ್ತರದವರೆಗೆ ವಲಯ 1. ಅದರಾಚೆ ಇನ್ನೂ 1.5 ಮೀಟರ್ ವಲಯ 2. ಧುಮುಕುವ ಹಲಗೆ ಅಥವಾ ಜಾರುಬಂಡೆ ಇದ್ದರೆ ವಲಯ 1 ಅವುಗಳನ್ನೂ ಸುತ್ತುವರಿದು ಮೇಲಕ್ಕೆ ಏರುತ್ತದೆ.

ಈ ಗೆರೆಗಳನ್ನು ನಕ್ಷೆಯ ಮೇಲೆ ಎಳೆದ ಕೂಡಲೇ ಅರ್ಧ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಸಾಕೆಟ್ಟುಗಳನ್ನು ವಲಯ 1ರ ಆಚೆಗೆ ತಳ್ಳಿ. ಜಾಗ ಕಿರಿದಾಗಿ ಅದು ಸಾಧ್ಯವೇ ಇಲ್ಲದ ಸಣ್ಣ ಕೊಳಗಳಿಗೆ ಮಾತ್ರ, ಅಂಚಿನಿಂದ ಕನಿಷ್ಠ 1.25 ಮೀಟರ್ ದೂರ, ನೆಲದಿಂದ ಕನಿಷ್ಠ 0.3 ಮೀಟರ್ ಎತ್ತರ ಎಂಬ ವಿನಾಯಿತಿ ಇದೆ. ಆದರೆ ಅದನ್ನು ಅನುಕೂಲಕ್ಕೆಂದು ಬಳಸಬೇಡಿ. ಫಿಲ್ಟರ್ ಪಂಪು, ಸ್ವಿಚ್ ಬೋರ್ಡು ಎಲ್ಲವನ್ನೂ ಮೂರೂ ವಲಯಗಳ ಹೊರಗೆ ಪ್ರತ್ಯೇಕ ಕೋಣೆಯಲ್ಲಿಡುವುದು ಒಳ್ಳೆಯದು. ಮೇಲೆ ವಿದ್ಯುತ್ ತಂತಿ ಹಾದುಹೋಗುವ ಜಾಗವನ್ನಂತೂ ಆರಿಸಲೇಬೇಡಿ. ಎಲೆ ತೆಗೆಯುವ ಬಲೆಯ ಅಲ್ಯೂಮಿನಿಯಂ ಹಿಡಿಕೆ ಎಷ್ಟು ಉದ್ದವಿರುತ್ತದೆ ಎಂಬುದು ಕೊಳದಂಚಿನಲ್ಲಿ ಅದನ್ನು ಎತ್ತಿ ಹಿಡಿದವರಿಗೆ ಗೊತ್ತು.

ಕಂಬಿ ಕಟ್ಟಿದ ದಿನವೇ ಬಾಂಡಿಂಗ್

ಈಗ ಮುಖ್ಯ ಕೆಲಸಕ್ಕೆ ಬರೋಣ. ಅರ್ಥಿಂಗ್ ಮಾಡಿಸಿದ್ದೇವೆ, ಇನ್ನೇನು ಭಯ ಎನ್ನುವವರೇ ಹೆಚ್ಚು. ಬಾಂಡಿಂಗ್ ಬೇರೆ. ದೋಷವುಂಟಾದಾಗ ಕರೆಂಟು ಹರಿದುಹೋಗಲು ದಾರಿ ಮಾಡಿ, ಸರಬರಾಜು ಕಡಿದುಬೀಳುವಂತೆ ಮಾಡುವುದು ಅರ್ಥಿಂಗ್‌ನ ಕೆಲಸ. ಕೊಳದ ಸುತ್ತ ಕೈಗೆ, ಕಾಲಿಗೆ ತಾಗುವ ಎಲ್ಲ ಲೋಹವನ್ನೂ ಒಂದೇ ಮಟ್ಟದ ವೋಲ್ಟೇಜಿನಲ್ಲಿ ಇಡುವುದು ಬಾಂಡಿಂಗ್.

ಎರಡು ದೋಣಿಯಲ್ಲಿ ಕಾಲಿಟ್ಟವನ ಪಾಡು ನಮಗೆ ಗೊತ್ತೇ ಇದೆ. ನೀರಿನಲ್ಲಿ ನಿಂತು ಏಣಿಯ ಸರಳು ಹಿಡಿದವನ ಸ್ಥಿತಿಯೂ ಅದೇ: ಕಾಲು ಒಂದು ವೋಲ್ಟೇಜಿನಲ್ಲಿ, ಕೈ ಇನ್ನೊಂದರಲ್ಲಿ. ಆ ವ್ಯತ್ಯಾಸವೇ ಅವನ ಮೈಯ ಮೂಲಕ ಕರೆಂಟನ್ನು ತಳ್ಳುತ್ತದೆ. ಎರಡೂ ದೋಣಿಗಳನ್ನು ಬಿಗಿಯಾಗಿ ಕಟ್ಟಿಬಿಟ್ಟರೆ ಏರಿದರೂ ಇಳಿದರೂ ಒಟ್ಟಿಗೇ, ನಿಂತವನಿಗೆ ಕುಲುಕಾಟವಿಲ್ಲ. ಬಾಂಡಿಂಗ್ ತಾಮ್ರದ ತಂತಿಯಲ್ಲಿ ಹಾಕುವ ಆ ಕಟ್ಟು.

ಇದಕ್ಕೆ ಬದಲಿ ಇಲ್ಲ ಎನ್ನಲು ಕಾರಣವಿದೆ. ದೋಷ ನಿಮ್ಮ ಕೊಳದ ಪಂಪಿನಲ್ಲೇ ಇರಬೇಕೆಂದಿಲ್ಲ. ಸರಬರಾಜು ಜಾಲದ ನ್ಯೂಟ್ರಲ್ ಎಲ್ಲೋ ಕಡಿದರೆ, ಕೆಲವು ಬಗೆಯ ಸಂಪರ್ಕಗಳಲ್ಲಿ ಆ ವೋಲ್ಟೇಜು ಅರ್ಥ್ ತಂತಿಯ ಮೂಲಕವೇ ಕೊಳದ ಲೋಹಕ್ಕೆ ಬರುತ್ತದೆ. ಆಗ ಕರೆಂಟು ಸೋರಿದರೆ ಸರಬರಾಜು ಕಡಿಯುವ ಆರ್‌ಸಿಸಿಬಿ ಎಂಬ ಸ್ವಿಚ್ಚು ಸುಮ್ಮನೆ ಕುಳಿತಿರುತ್ತದೆ, ಏಕೆಂದರೆ ಅದು ಕಾಯುವ ತಂತಿಗಳಲ್ಲಿ ಏನೂ ನಡೆದಿಲ್ಲ. ಈಜುವವನನ್ನು ಕಾಯುವುದು ಬಾಂಡಿಂಗ್ ಮಾತ್ರ.

ಹಾಗಾಗಿ ಕಬ್ಬಿಣದ ಕಂಬಿಗಳ ಜಾಲರಿ ಕಟ್ಟಿ ಮುಗಿದ ದಿನ ಎಲೆಕ್ಟ್ರಿಷಿಯನ್ ಅಲ್ಲಿರಬೇಕು. ಕಂಬಿಯ ಜಾಲರಿ, ಏಣಿ ಮತ್ತು ಕೈಹಿಡಿಗಳನ್ನು ನೆಡುವ ಲೋಹದ ಬುಡಗಳು, ದೀಪದ ಗೂಡು, ಲೋಹದ ಕೊಳವೆಗಳು, ಪಂಪಿನ ಮೈ, ಹೀಟರ್, ಹತ್ತಿರದ ಲೋಹದ ಬೇಲಿ, ಇವೆಲ್ಲವೂ ಒಂದೇ ಜಾಲಕ್ಕೆ ಸೇರಬೇಕು. ಅಮೆರಿಕದ ರಾಷ್ಟ್ರೀಯ ವಿದ್ಯುತ್ ಸಂಹಿತೆಯ 680ನೆಯ ವಿಧಿ ಇದಕ್ಕೆ 8 ಗೇಜಿನ, ಅಂದರೆ ಸುಮಾರು 8.4 ಚದರ ಮಿಲಿಮೀಟರಿನ ಗಟ್ಟಿ ತಾಮ್ರದ ತಂತಿ ಕೇಳುತ್ತದೆ. ಕೊಳದ ಸುತ್ತ ಜನ ನಡೆದಾಡುವ 3 ಅಡಿ ಅಗಲದ ನೆಲವನ್ನೂ ಸೇರಿಸುತ್ತದೆ. ಬರಿಗಾಲಲ್ಲಿ ನಡೆಯುವ ಜಾಗ ಅದು. ಎಪಾಕ್ಸಿ ಲೇಪಿಸಿದ ಕಂಬಿ ಬಳಸಿದ್ದರೆ ಲೇಪನ ವಿದ್ಯುತ್ತನ್ನು ತಡೆಯುವುದರಿಂದ ಪ್ರತ್ಯೇಕ ತಾಮ್ರದ ಜಾಲರಿ ಬೇಕು. ಪ್ಲಾಸ್ಟಿಕ್ ಅಥವಾ ಫೈಬರ್ ಕೊಳದಲ್ಲಿ ನೀರಿಗೆ ತಾಗುವ ಲೋಹವೇ ಇಲ್ಲದಿದ್ದರೆ, ನೀರನ್ನೇ ಜಾಲಕ್ಕೆ ಸೇರಿಸಲು ಒಂದು ಲೋಹದ ತುಣುಕನ್ನು ಅಳವಡಿಸುತ್ತಾರೆ.

ಪ್ರತಿ ಜೋಡಣೆಯ ಫೋಟೋ ತೆಗೆದಿಟ್ಟುಕೊಳ್ಳಿ. ಮೀಟರ್ ಹಿಡಿದು ಒಂದು ತುದಿಯಿಂದ ಇನ್ನೊಂದಕ್ಕೆ ಸಂಪರ್ಕವಿದೆಯೇ ಎಂದು ಅಳೆಸಿ. ಅದಾದ ಮೇಲೆಯೇ ಕಾಂಕ್ರೀಟ್.

ದೀಪಕ್ಕೆ 12 ವೋಲ್ಟ್

ಈಜುವವರಿರುವ ನೀರಿನೊಳಗಿನ ಉಪಕರಣಗಳಿಗೆ ಐಇಸಿ ಮಾನಕ ಒಪ್ಪುವುದು ಎಸಿ ಆದರೆ 12 ವೋಲ್ಟ್, ಡಿಸಿ ಆದರೆ 30 ವೋಲ್ಟ್, ಅದಕ್ಕಿಂತ ಹೆಚ್ಚಿಲ್ಲ. 12 ವೋಲ್ಟ್ ಎಂದು ಬರೆದ ಯಾವುದೋ ಟ್ರಾನ್ಸ್‌ಫಾರ್ಮರ್ ತಂದರೆ ಆಗದು. ಒಳಬರುವ ಮತ್ತು ಹೊರಹೋಗುವ ಸುರುಳಿಗಳು ಪೂರ್ತಿ ಬೇರ್ಪಟ್ಟಿರುವ ಸುರಕ್ಷತಾ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರೇ ಬೇಕು, ಅದು ವಲಯಗಳ ಹೊರಗಿರಬೇಕು. ಅದರ 12 ವೋಲ್ಟಿನ ಬದಿಯನ್ನು ಅರ್ಥ್ ಮಾಡಬಾರದು. ದೀಪಕ್ಕೆ ಐಪಿಎಕ್ಸ್8 ದರ್ಜೆಯ ನೀರುತಡೆ ಇರಲಿ. ವಲಯ 1ರಲ್ಲಿ ಕನಿಷ್ಠ ಐಪಿಎಕ್ಸ್4. ಪೈಪಿನಿಂದ ನೀರು ಚಿಮ್ಮಿಸಿ ತೊಳೆಯುವುದಾದರೆ ಐಪಿಎಕ್ಸ್5.

ಆರ್‌ಸಿಸಿಬಿ ಆರಿಸುವಾಗ

ಫೇಸ್‌ನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ಮರಳಿತೇ ಎಂದು ಆರ್‌ಸಿಸಿಬಿ ಸದಾ ಹೋಲಿಸುತ್ತಿರುತ್ತದೆ. ಕೊರತೆ ಕಂಡರೆ ಕಡಿಯುತ್ತದೆ. ಕೊಳದ ಸರ್ಕ್ಯೂಟುಗಳಿಗೆ 30 ಮಿಲಿಆಂಪಿಯರಿನದ್ದು ಬೇಕು. 100 ಅಥವಾ 300ರದ್ದು ಮನುಷ್ಯನನ್ನು ಕಾಯುವುದಕ್ಕಲ್ಲ. ಕರೆಂಟು ಮಿತಿಮೀರಿದರೆ ಕಡಿಯುವ ಎಂಸಿಬಿ ಇದೆಯೆಂದು ನೆಮ್ಮದಿಯಾಗಿರಬೇಡಿ, ಅದು ಕಾಯುವುದು ತಂತಿಯನ್ನು. ವೇಗ ಬದಲಿಸುವ ಪಂಪು, ಎಲ್‌ಇಡಿ ಡ್ರೈವರುಗಳಿದ್ದರೆ ಎಸಿ ಮಾದರಿಯ ಆರ್‌ಸಿಸಿಬಿ ಸಾಲದು. ಅವುಗಳ ಸೋರಿಕೆಯಲ್ಲಿ ಡಿಸಿ ಬೆರೆತು ಅದರ ಕಣ್ಣು ಮಂಜಾಗುತ್ತದೆ. ಎ ಮಾದರಿ ಸಾಕೇ, ಬಿ ಮಾದರಿ ಬೇಕೇ ಎಂಬುದನ್ನು ಪಂಪಿನ ಕೈಪಿಡಿ ನೋಡಿ ನಿರ್ಧರಿಸಿ.

ಸ್ಪಾಗೆ ಇನ್ನೂ ಹೆಚ್ಚು ಎಚ್ಚರ

ಸ್ಪಾ, ಅಂದರೆ ಕೂತು ಮೀಯುವ ಬಿಸಿನೀರಿನ ತೊಟ್ಟಿ, ಚಿಕ್ಕದು, ಹಾಗಾಗಿ ಅಪಾಯವೂ ಚಿಕ್ಕದು ಎಂಬ ಲೆಕ್ಕ ಸರಿಯಲ್ಲ. ಹೀಟರ್, ಪಂಪು, ಗಾಳಿಯ ಬ್ಲೋಯರ್, ನಿಯಂತ್ರಣ ಫಲಕ ಎಲ್ಲವೂ ಕೂತವರ ಕೈಯಳತೆಯಲ್ಲೇ ಇರುತ್ತವೆ. ಅದಕ್ಕೆ ಪ್ರತ್ಯೇಕ ಸರ್ಕ್ಯೂಟ್ ಕೊಡಿ, ಎಕ್ಸ್‌ಟೆನ್ಷನ್ ವೈರ್ ಬೇಡ. ಒಂದೇ ಕುಟುಂಬದ ಮನೆಗಳನ್ನು ಬಿಟ್ಟು ಉಳಿದೆಡೆ ಸ್ಪಾದಿಂದ ಕನಿಷ್ಠ 5 ಅಡಿ ದೂರದಲ್ಲಿ, ಕಣ್ಣಿಗೆ ಕಾಣುವಂತೆ ತುರ್ತು ಸ್ವಿಚ್ ಇರಬೇಕೆಂದು ಅಮೆರಿಕದ ಸಂಹಿತೆ ಹೇಳುತ್ತದೆ. ನೀರೆಳೆಯುವ ಬಾಯಿಗೆ ಕೂದಲು ಸಿಕ್ಕಿಕೊಂಡಾಗ ಪಂಪನ್ನು ತಕ್ಷಣ ನಿಲ್ಲಿಸಲು ಅದೇ ದಾರಿ. ಕಡ್ಡಾಯವಿಲ್ಲದಿದ್ದರೂ ಮನೆಯಲ್ಲೂ ಹಾಕಿಸಿ.

ನೀರು ತುಂಬಿದ ಮೇಲೆ

ಹೊಸ ಕೊಳಕ್ಕೆ ಇಳಿಯುವ ಮುನ್ನ ಬಾಂಡಿಂಗ್ ಮತ್ತೊಮ್ಮೆ ಅಳೆಸಿ, ಟೆಸ್ಟರಿನಿಂದ ಆರ್‌ಸಿಸಿಬಿಯ ವೇಗ ನೋಡಿಸಿ: 30 ಮಿಲಿಆಂಪಿಯರಿಗೆ 300 ಮಿಲಿಸೆಕೆಂಡಿನೊಳಗೆ, 150ಕ್ಕೆ 40ರೊಳಗೆ ಕಡಿಯಬೇಕು. ಟೆಸ್ಟ್ ಗುಂಡಿಯನ್ನು ನಿಯಮಿತವಾಗಿ ಒತ್ತುತ್ತಿರಿ. ಆದರೆ ಅದು ಹೇಳುವುದು ಆರ್‌ಸಿಸಿಬಿ ಕೆಲಸ ಮಾಡುತ್ತಿದೆ ಎಂದಷ್ಟೇ, ಅರ್ಥಿಂಗ್ ಸರಿಯಿದೆ ಎಂದಲ್ಲ. ಕ್ಲೋರಿನ್ ಮತ್ತು ಉಪ್ಪಿನ ನೀರು ಪಂಪಿನ ಕೋಣೆಯ ಕ್ಲ್ಯಾಂಪುಗಳನ್ನು ತಿನ್ನುತ್ತದೆ, ಹಸಿರುಗಟ್ಟಿದ್ದನ್ನು ಬದಲಿಸಿ. ಗುಡುಗು ಕೇಳಿದರೆ ಎಲ್ಲರೂ ಹೊರಗೆ ಬರಬೇಕು, ಕೊನೆಯ ಗುಡುಗಿನ ಬಳಿಕ 30 ನಿಮಿಷ ಇಳಿಯಬಾರದು.

ನೀರಿನಲ್ಲಿ ಜುಮ್ಮೆಂದರೆ ಅದು ಭ್ರಮೆ ಎಂದುಕೊಳ್ಳಬೇಡಿ. ಕೂಗಿ ಎಲ್ಲರನ್ನೂ ಎಚ್ಚರಿಸಿ, ದೀಪ ಮತ್ತು ಲೋಹದ ಏಣಿಯಿಂದ ದೂರ ಸರಿದು ಬೇರೆ ಅಂಚಿನಿಂದ ಮೇಲೆ ಬನ್ನಿ. ದಡದಲ್ಲಿರುವವರು ನೀರಿಗೆ ಹಾರಬಾರದು, ಕಾಪಾಡಲು ಹೋದವರೇ ಎರಡನೆಯ ಬಲಿಯಾಗುತ್ತಾರೆ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ, ಆಂಬುಲೆನ್ಸಿಗೆ ಕರೆ ಮಾಡಿಸಿ, ಫೈಬರ್ ಕೋಲು ಚಾಚಿ ಅಥವಾ ತೇಲುಬಳೆ ಎಸೆದು ಎಳೆದುಕೊಳ್ಳಿ. ಉಸಿರಾಟ ನಿಂತಿದ್ದರೆ ಅಲ್ಲೇ ಸಿಪಿಆರ್ ಆರಂಭಿಸಿ. ಆ ಮೇನ್ ಸ್ವಿಚ್ ಎಲ್ಲಿದೆ ಎಂಬ ಫಲಕ, ದಪ್ಪ ಅಕ್ಷರದಲ್ಲಿ, ಕೊಳದಲ್ಲಿ ನಿಂತವರಿಗೂ ಕಾಣುವಂತೆ ಗೋಡೆಯ ಮೇಲಿರಲಿ.